ಗಡ್ಡೆಯ ಪಾಲಿನ ಬಟ್ಟೆ

ಹೊಸ ಅಂಗಿ ತೊಟ್ಟು ಮುನಿವೆಂಕಟಪ್ಪ ತಿರುಗಿ ನಿಂತ. ಅಂಗಿಯ ಬೆನ್ನು ರಾಗಿ ಸುರಿದು ಖಾಲಿಯಾದ ಚೀಲದ ಹಾಗೆ ಜೋತುಬಿತ್ತು.

"ಯಾ ಅಲ್ಲಾ! ಗೌಡ್ರೇ, ಗಡ್ಡೆ ಎಲ್ಲೋಯ್ತು?" ದರ್ಜಿ ಗಫಾರ್ ಕಚ್ಚಿಕೊಂಡಿದ್ದ ಸೂಜಿ ಕೆಳಗೆ ಬಿತ್ತು.

"ಬೆಂಗಳೂರು ಆಸ್ಪತ್ರೇಲಿ ಬಿಟ್ಬಂದೆ ಸಾಬ್ರೇ!"

ಹೆಗಲುಗಳ ನಡುವೆ ಕುಂಬಳಕಾಯಿ ಗಾತ್ರಕ್ಕೆ ಬೆಳೆದಿದ್ದ ಗಡ್ಡೆ ಅದು. ಹೊಸಕೋಟೆ ಪೇಟೆಯ ಗಫಾರ್ ಹದಿನಾಲ್ಕು ವರ್ಷ ಅದಕ್ಕೆಂದೇ ಅಂಗಿಯ ಬೆನ್ನಿಗೆ ಚೀಲ ಇಟ್ಟು ಹೊಲಿದಿದ್ದ. ಟೇಪು ಹಿಡಿದರೆ ಗೌಡರು ನೊಂದುಕೊಂಡಾರೆಂದು ಒಮ್ಮೆಯೂ ಅಳೆದವನಲ್ಲ, ಕಣ್ಣಂದಾಜಿನಲ್ಲೇ ವರ್ಷವರ್ಷ ಹಿಗ್ಗಿಸುತ್ತಿದ್ದ. ಈ ಸಲವೂ ಹಾಗೇ ಹೊಲಿದಿಟ್ಟಿದ್ದ ಪುಣ್ಯಾತ್ಮ! ಬಟ್ಟೆ ಕೊಟ್ಟುಹೋದ ಮುನಿವೆಂಕಟಪ್ಪ, ಮಗಳ ಧಾರೆಗೆ ನೆಟ್ಟಗೆ ನಿಲ್ಲಲೇಬೇಕೆಂಬ ಹಠ ಹುಟ್ಟಿ, ಯಾರಿಗೂ ಹೇಳದೆ ಆಸ್ಪತ್ರೆ ಸೇರಿದ್ದು ಅವನಿಗೇನು ಗೊತ್ತು?

"'ಬರೀ ಕೊಬ್ಬು ಕಣಯ್ಯಾ, ಇದಕ್ಯಾಕೆ ಇಷ್ಟು ವರ್ಷ ಹೆದ್ರಿದ್ದೆ?' ಅಂತ ಡಾಕ್ಟ್ರು ಬೈದು ಕುಯ್ದು ಹಾಕಿದ್ರು. ಈಗ ಅಂಗಾತ ಮಲಗ್ತೀನಿ ಸಾಬ್ರೇ, ಅಂಗಾತ! ನಮ್ಮನೆ ಸೂರಲ್ಲಿ ಎಷ್ಟು ತೊಲೆ ಇದಾವೆ ಅಂತ ಈಗ ಗೊತ್ತಾಯ್ತು!"

ಇಬ್ಬರೂ ಬಿದ್ದುಬಿದ್ದು ನಕ್ಕರು. ಜೊತೆಗೆ ಬಂದಿದ್ದ ಹೆಂಡತಿ ಲಕ್ಕಮ್ಮನಿಗೆ ಮಾತ್ರ ಅಳು ಬಂತು. ಯುದ್ಧದ ಕಾಲ, ಬಟ್ಟೆಗೆ ರೇಷನ್. ಕಾರ್ಡಿಗೆ ಸಿಕ್ಕ ಗೀಟಿನ ಬಟ್ಟೆಯೆಲ್ಲ ಗಂಡನ ಅಂಗಿಗೇ ಬೇಕೆಂದು ಅವಳು ಪ್ರತಿಸಲದಂತೆ ಈ ಸಲವೂ ರವಿಕೆಯ ಆಸೆ ಬಿಟ್ಟಿದ್ದಳು.

"ಗುರುವಾರ ಮದ್ವೆ. ಈ ಚೀಲ ತೊಟ್ಕೊಂಡು ಧಾರೆ ಎರೀತಾರಾ? ಇರೋ ಬಟ್ಟೆನೂ ಹಾಳಾಯ್ತಲ್ಲ!"

ಗಫಾರ್ ಅಂಗಿ ಬಿಚ್ಚಿಸಿದ. ಹದಿನಾಲ್ಕು ವರ್ಷಕ್ಕೆ ಮೊದಲ ಸಲ ಆ ಬೆನ್ನಿಗೆ ಟೇಪು ಹಿಡಿದ. ಅಳೆದ, ನಂಬಿಕೆ ಬಾರದೆ ಇನ್ನೊಮ್ಮೆ ಅಳೆದ. ಅವನ ಕಣ್ಣೂ ತುಂಬಿತ್ತು. ಆಮೇಲೆ ಹೊಲಿಗೆ ಬಿಚ್ಚಿ, ಚೀಲದ ಬಟ್ಟೆಯನ್ನು ಕತ್ತರಿಸಿ ಹಲಗೆಯ ಮೇಲೆ ಹರಡಿದ.

"ತೋಳು ಸ್ವಲ್ಪ ಗಿಡ್ಡ ಆದ್ರೆ ನಡೆಯುತ್ತಾ ಅಮ್ಮಾ?"

ಗುರುವಾರ ಧಾರೆಗೆ ಗಂಡ ಹೆಂಡತಿ ಒಂದೇ ಗೀಟಿನ ಬಟ್ಟೆಯಲ್ಲಿ ನಿಂತರು. ಬೀಗಿತ್ತಿ ಭಾಗ್ಯಮ್ಮನಿಗೆ ನಗು ತಡೆಯಲಾಗಲಿಲ್ಲ.

"ಏನಮ್ಮಾ ಇದು, ಈ ವಯಸ್ಸಲ್ಲಿ ಜೋಡಿ ಬಟ್ಟೆ!"

ಲಕ್ಕಮ್ಮ ಗಂಡನ ನೆಟ್ಟನೆಯ ಬೆನ್ನನ್ನೇ ನೋಡುತ್ತ ಅಂದಳು: "ನನ್ನ ರವಿಕೆ ಹದಿನಾಲ್ಕು ವರ್ಷದಿಂದ ಇವ್ರ ಬೆನ್ನ ಮೇಲೇ ಇತ್ತು ಕಣಕ್ಕಾ. ಈಗ ಇಳಿಸ್ಕೊಂಡೆ."