ಮುಂಗುಸಿ ಬರುವ ಹೊತ್ತು

ಹಿತ್ತಲಲ್ಲಿ ಹಾವು ಕಚ್ಚಿ ಮಗಳು ತೀರಿಕೊಂಡ ಮೇಲೆ ಸುಗಂಧಿ ಗಂಡನೊಂದಿಗೆ ಮಾತನಾಡುವುದನ್ನೇ ಬಿಟ್ಟಿದ್ದಳು. ಊಟ ಬಡಿಸಿ ಒಳಗೆ ಹೋಗಿಬಿಡುತ್ತಿದ್ದಳು.

ಒಂದು ಸಂಜೆ ಬೇಲಿಯ ಸಂದಿಯಿಂದ ಮುಂಗುಸಿಯೊಂದು ತನ್ನ ಮರಿಗಳ ಜೊತೆ ಹಿತ್ತಲಿಗೆ ಬಂತು. ಮಗಳಿಗೆ ಮುಂಗುಸಿಯೆಂದರೆ ಪ್ರಾಣ. ಅವನ್ನು ನೋಡುತ್ತ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಸುಗಂಧಿ ಒಂದು ಕೋಳಿಮೊಟ್ಟೆ ಒಡೆದು, ತೆಂಗಿನ ಗೆರಟೆಯಲ್ಲಿ ಹಾಕಿ ಬಾಳೆಬುಡದಲ್ಲಿಟ್ಟು, ಅದೇ ಮೆಟ್ಟಿಲ ಮೇಲೆ ಬಂದು ಕೂತಳು. ಮರುದಿನವೂ ಹಾಗೆಯೇ ಮಾಡಿದಳು.

ಕೆಲವು ದಿನ ಬಾಗಿಲಲ್ಲೇ ನಿಂತು ನೋಡುತ್ತಿದ್ದ ಗಂಡ ವಾಮನ, ಆಮೇಲೆ ತಾನೂ ಬಂದು ಕೂರತೊಡಗಿದ. ಅವಳು ಎದ್ದು ಹೋಗಲಿಲ್ಲ. ಸ್ವಲ್ಪ ಸರಿದು ಜಾಗ ಬಿಟ್ಟಳು. ಅವನಿಗೆ ಅಷ್ಟೇ ಸಾಕಾಗಿತ್ತು. ಮರಿಗಳು ಗೆರಟೆ ಉರುಳಿಸಿ ಒಂದರ ಮೇಲೊಂದು ಬಿದ್ದಾಗ, ಎಷ್ಟೋ ತಿಂಗಳ ಮೇಲೆ ಅವನು ನಕ್ಕ.

“ಇವನ್ನ ನೋಡ್ತಿದ್ರೆ ಅವಳು ಇಲ್ಲೇ ಕೂತಿದ್ದಾಳೆ ಅನ್ಸುತ್ತೆ,” ಎಂದ.

“ಹೌದು,” ಎಂದಳು ಅವಳು.

“ಮನಸ್ಸು ಹಗುರಾಗುತ್ತೆ. ಮೊಟ್ಟೆ ಇಡೋದು ಮಾತ್ರ ನಿಲ್ಲಿಸಬೇಡ.”

“ನಿಲ್ಲಿಸಲ್ಲ.”

“ನಿನಗೂ ಸಮಾಧಾನ ಆಗುತ್ತೆ ಅಲ್ವಾ?”

ಅವಳು ಮರಿಗಳಿಂದ ಕಣ್ಣು ತೆಗೆಯಲಿಲ್ಲ.

“ಸಮಾಧಾನಕ್ಕೆ ಇಡ್ತಿಲ್ಲ ನಾನು. ಕೋಳಿಮರಿ ತಿಂತಾವೆ ಅಂತ ನೀವು ಬೋನಿಟ್ಟು ಇದ್ದ ಮುಂಗುಸಿನೆಲ್ಲ ಹಿಡಿಸಿ ಸಾಗಹಾಕಿದ ಮೇಲೇನೇ ಆ ಹಾವು ಬಂದಿದ್ದು. ಅದು ನಿಮಗೆ ಒಂದು ದಿನವೂ ಮರೀಬಾರದು ಅಂತ ಇಡ್ತೀನಿ.”