ನೆಟ್ಟಗಿನ ತಂತಿ

ಬಿದಿರಿನ ಗಳಕ್ಕೆ ಬಳ್ಳಿಯಂತೆ ಸುತ್ತಿದ ತಾಮ್ರದ ತಂತಿಯ ತುದಿಯನ್ನು ರೇಡಿಯೊಗೆ ಸಿಕ್ಕಿಸಿದ್ದೇ ತಡ, ವಳಕಮದಿನ್ನಿಯ ಗ್ಯಾನಪ್ಪನ ಹೊಲದ ಗುಡಿಸಲಲ್ಲಿ ಹಾಡು ಮೊಳಗಿತು. ಸಿಂಧನೂರಿನಿಂದ ಬಂದಿದ್ದ ರೇಡಿಯೊ ರಿಪೇರಿಯ ಜಿಲಾನಿಸಾಬ್ ಮೀಸೆ ತೀಡಿಕೊಂಡ.

"ಉದ್ದ ತಂತಿ ಎಳಿಯಾಕ ಇಲ್ಲಿ ಜಾಗಾ ಇಲ್ಲ, ಅದಕ್ಕ ಸುತ್ತೀನ್ರಿ. ರೇಡಿಯೊದ ಅಲಿ ಈ ತಂತಿ ಹಿಡಕೊಂಡು ಗರಗರ ಸುತ್ತಿಗೋತ ಬರ್ತೈತಿ."

"ಸುತ್ತಿಗೋತ?" ಗ್ಯಾನಪ್ಪನ ಮುಖ ಇಳಿಯಿತು. "ಅಂದ್ರ ತಡಾ ಆಗತೈತೇನು?"

"ಆಗತೈತಿ, ದಾರಿ ಉದ್ದ ಆತಲ್ಲ. ಆದ್ರ ಅದು ಕಣ್ಣು ಪಿಳುಕಿಸೂದ್ರಾಗ..."

ಮುಂದಿನದು ಗ್ಯಾನಪ್ಪನ ಕಿವಿಗೆ ಬೀಳಲಿಲ್ಲ. ಕಾಲುವೆಗೆ ನೀರು ಬಿಡುವ ಸುದ್ದಿ ಇವತ್ತೋ ನಾಳೆಯೋ ರೇಡಿಯೊದಲ್ಲಿ ಬರುವುದಿತ್ತು. ಅವನಿಗೂ ಪಕ್ಕದ ಹೊಲದ ದೊಡ್ಡಬಸಪ್ಪನಿಗೂ ಒಂದೇ ತೂಬು. ಮೊದಲು ಓಡಿಹೋಗಿ ಹಲಗೆ ಎತ್ತಿದವನ ಗದ್ದೆಗೇ ಮೊದಲ ನೀರು. ಹೋದ ಸಲ ದೊಡ್ಡಬಸಪ್ಪ ಎತ್ತಿದ್ದ, ಗ್ಯಾನಪ್ಪನ ಭತ್ತದ ಸಸಿ ಒಣಗಿತ್ತು. ಡೊಂಕು ಕಾಲುವೆಯಲ್ಲಿ ನೀರು ಎಷ್ಟು ತಡವಾಗಿ ಬರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಜಿಲಾನಿಸಾಬನ ಸೈಕಲ್ಲು ಮರೆಯಾದೊಡನೆ ಗಳವನ್ನು ಕಿತ್ತು ಹೆಗಲಿಗೇರಿಸಿ ಪಕ್ಕದ ಹೊಲಕ್ಕೆ ನಡೆದ.

"ದೊಡ್ಡಬಸಪ್ಪಣ್ಣ, ನಿನ್ನ ರೇಡಿಯೊ ಬರೇ ಕೆಮ್ಮತೈತಿ. ತಗೋ, ಇದನ್ನ ಹಚ್ಚಿಕೋ."

"ಪುಕ್ಕಟೆ?" ದೊಡ್ಡಬಸಪ್ಪ ಅವನ ಹಣೆ ಮುಟ್ಟಿ ನೋಡಿದ. "ಜ್ವರಾ ಬಂದಾವೇನಲೇ?"

"ಮಗ್ಗಲ ಹೊಲದಾಂವ ಅಂತ ಕೊಟ್ರ ಹಿಂಗಂತೀಯಲ್ಲೋ!"

ಮರಳಿ ಬಂದು ತನ್ನ ರೇಡಿಯೊಗೆ ಗೇಣುದ್ದದ ತಂತಿಯೊಂದನ್ನು ನೆಟ್ಟಗೆ ಸಿಕ್ಕಿಸಿದ. ಇಷ್ಟು ಹತ್ತಿರದ ದಾರಿ ಇಡೀ ತಾಲ್ಲೂಕಿನಲ್ಲಿ ಯಾವ ಸುದ್ದಿಗೂ ಸಿಕ್ಕಿರಲಾರದು. ರೇಡಿಯೊ ಗೊರಗೊರ ಅಂದಿತು. ಸುದ್ದಿ ಇನ್ನೂ ಊರು ಬಿಟ್ಟಿಲ್ಲವೆಂದುಕೊಂಡ.

ಮರುದಿನ ಸಂಜೆಯೂ ಅವನು ಹೊರಸಿನ ಮೇಲೆ ಚಕ್ಕಳಮಕ್ಕಳ ಕೂತು, ಆ ಗೊರಗೊರಕ್ಕೇ ಕಿವಿ ಆನಿಸಿದ್ದ. ಹೆಂಡತಿ ಗಿರಿಯಮ್ಮ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ರೊಟ್ಟಿಗಂಟು ತಲೆಯ ಮೇಲಿಟ್ಟುಕೊಂಡು ಒಳಗೆ ಬಂದಳು.

"ಏನ್ರೀ, ಕೆಳಗ ನೋಡ್ರಿ."

"ಸುಮ್ಕಿರು. ನೀರಿನ ಸುದ್ದಿ ಬರೋ ಹೊತ್ತು."

"ದೊಡ್ಡಬಸಪ್ಪಣ್ಣನ ಗದ್ದಿ ತುಂಬಿ ಹರಿಯಾಕತ್ತೈತಿ. ನಮ್ಮ ಸಸಿಗೆ ಹನಿ ಇಲ್ಲ, ಗುಡಿಸಲಿಗೆ ಮಾತ್ರ ಬಂದೈತಿ!"

"ಹ್ಯಾಂಗ ಸಾಧ್ಯ?" ಗ್ಯಾನಪ್ಪ ರೇಡಿಯೊದಿಂದ ಕಿವಿ ತೆಗೆಯಲಿಲ್ಲ. "ಅಂವನ ಸುದ್ದಿ ಇನ್ನಾ ಸುತ್ತಿಗೋತ ಬರಾಕತ್ತಿರಬೇಕು."

ಹೊರಸಿನ ಕೆಳಗಿನಿಂದ ಅವನ ಕೆರಗಳೆರಡೂ ಒಂದರ ಹಿಂದೊಂದು ತೇಲುತ್ತ, ಎಲ್ಲಿಯೂ ಸುತ್ತು ಹಾಕದೆ, ನೆಟ್ಟಗೆ ಬಾಗಿಲು ದಾಟಿ ಹೋದವು.