ಖಾಲಿ ಪಟ್ಟಿ

ದಿನದ ಕೆಲಸಗಳನ್ನು ಪಟ್ಟಿ ಮಾಡಿಡುವ ಆ್ಯಪ್‌ಗೆ ಭಾರ್ಗವಿ ಹೊಸ ಸನ್ನೆಯೊಂದನ್ನು ರೂಪಿಸಿದ್ದಳು. ಪರದೆಯನ್ನು ಒಂದು ಕ್ಷಣ ಮುಚ್ಚಿ ತೆಗೆದರೆ ಸಾಕು, ಪಟ್ಟಿಯೆಲ್ಲ ಅಳಿಸಿಹೋಗುತ್ತದೆ. ಪರೀಕ್ಷೆಗೆಂದು ಕರೆಸಿದ್ದ ಟೈಲರ್ ನಾಗವೇಣಮ್ಮನ ಕೈಗೆ ಫೋನು ಕೊಟ್ಟರೆ ಎರಡು ಸಲವೂ ಪಟ್ಟಿ ಖಾಲಿ.

"ನಾನು ಹೇಳೋ ಮುಂಚೆ ಮುಚ್ಚಬೇಡಿ ಅಂದಿದ್ನಲ್ಲಮ್ಮ?"

"ಮುಟ್ಟಿದ್ರೆ ತಾನೇ ಮುಚ್ಚೋದು? ಕೊಟ್ಟಾಗ್ಲೇ ಖಾಲಿ ಇತ್ತು ಕಣಮ್ಮ."

ಮ್ಯಾನೇಜರ್ ಗಡಿಯಾರ ನೋಡಿದರು. "ಇದೇ ಕೊನೆ ಸಲ ಭಾರ್ಗವಿ. ಆಗ್ಲಿಲ್ಲ ಅಂದ್ರೆ ಈ ಸನ್ನೆ ಬೇಡ."

ಮೂರು ತಿಂಗಳ ದುಡಿಮೆ. ಬೆವರಿದ ಬೆರಳುಗಳಿಂದ ಅವಳು ಪಟ್ಟಿಯನ್ನು ಮತ್ತೆ ತುಂಬಿದಳು, ಸಾಲು ಸಾಲೂ ಓದಿ ನೋಡಿದಳು. ದೇವರನ್ನು ನೆನೆದು ಫೋನು ಚಾಚಿದಳು.

ನಾಗವೇಣಮ್ಮ ಕೈ ನೀಡಲೇ ಇಲ್ಲ.

"ಈಗ್ಲೂ ಖಾಲೀನೇ ನೋಡಮ್ಮ. ಕೊಡೋ ಮುಂಚೆ ನೀನೇ ಕಣ್ಣಿಗೆ ಒತ್ಕೋತೀಯಲ್ಲ, ಮೂರು ಸಲಾನೂ."